ಜೋಸೆಫ್ ಹೌ ಪ್ರಕರಣ: 19ರಲ್ಲಿ 18 ಸ್ಥಾನ ಗೆದ್ದರೂ ಬಿಡಿಸಿಕೊಳ್ಳಲಾಗದ ಒಕ್ಕೂಟ (ನೋವಾ ಸ್ಕೋಷಿಯಾ, 1864–1869)

1867ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಪೂರ್ವ ಕರಾವಳಿಯ ನೋವಾ ಸ್ಕೋಷಿಯಾ ಪ್ರಾಂತ್ಯದಲ್ಲಿ ಎರಡು ಚುನಾವಣೆಗಳು ಒಟ್ಟಿಗೆ ನಡೆದವು. ಒಟ್ಟಾವಾದ ಹೊಸ ಸಂಸತ್ತಿಗೆ ಪ್ರಾಂತ್ಯದಿಂದ 19 ಮಂದಿ ಹೋಗಬೇಕಿತ್ತು. ಆರಿಸಿ ಬಂದವರಲ್ಲಿ 18 ಮಂದಿ ಕೆನಡಾ ಒಕ್ಕೂಟವೇ ಬೇಡ ಎಂದವರು. ಹ್ಯಾಲಿಫ್ಯಾಕ್ಸ್‌ನ ಪ್ರಾಂತೀಯ ಶಾಸನಸಭೆಯ 38 ಸ್ಥಾನಗಳಲ್ಲಿ 36 ಅವರ ಕಡೆಗೇ ಹೋದವು. ಕೆನಡಾ, ನೋವಾ ಸ್ಕೋಷಿಯಾ, ನ್ಯೂ ಬ್ರನ್ಸ್‌ವಿಕ್ ಎಂಬ ಬ್ರಿಟಿಷ್ ವಸಾಹತುಗಳು ಸೇರಿದ ಈ ಒಕ್ಕೂಟ ಹುಟ್ಟಿದ್ದು ಅದೇ ವರ್ಷದ ಜುಲೈ 1ಕ್ಕೆ. ಮೂರು ತಿಂಗಳೂ ತುಂಬಿರಲಿಲ್ಲ. ಈ ಗೆಲುವಿನ ಮುಂದಾಳು ಜೋಸೆಫ್ ಹೌ. ಹದಿನಾರು ತಿಂಗಳ ಬಳಿಕ, 1869ರ ಜನವರಿ 30ರಂದು, ಅದೇ ಹೌ ಅದೇ ಒಕ್ಕೂಟದ ಮಂತ್ರಿಮಂಡಲದಲ್ಲಿ ಪ್ರಮಾಣವಚನ ತೆಗೆದುಕೊಂಡ.

ಊರಿನವರು ಆಗ ಇದನ್ನು ದ್ರೋಹ ಎಂದೇ ಕರೆದರು. ಆ ಮಾತನ್ನು ಬದಿಗಿಟ್ಟು ಹೌನ ಮುಂದೆ ಇದ್ದ ದಾರಿಗಳನ್ನು ಒಂದೊಂದಾಗಿ ನೋಡುವುದು ಈ ಅಧ್ಯಯನದ ಉದ್ದೇಶ. ಹಾಗೆ ನೋಡಿದಾಗ ಎದ್ದು ಕಾಣುವ ಸಂಗತಿ ಒಂದಿದೆ. ಅವನ ದಾರಿಗೆ ಅಡ್ಡವಾಗಿ ನಿಂತದ್ದು ಅವನೇ ಇಪ್ಪತ್ತು ವರ್ಷಗಳ ಹಿಂದೆ ಹೋರಾಡಿ ಗಳಿಸಿಕೊಟ್ಟ ವ್ಯವಸ್ಥೆ: ಜನ ಆರಿಸಿದ ಶಾಸನಸಭೆಯ ಮಾತೇ ಪ್ರಾಂತ್ಯದ ಮಾತು ಎಂಬ ನಿಯಮ.

1848ರವರೆಗೆ

ಹೌ ಹುಟ್ಟಿದ್ದು 1804ರ ಡಿಸೆಂಬರ್ 13ರಂದು, ಹ್ಯಾಲಿಫ್ಯಾಕ್ಸ್‌ನಲ್ಲಿ. ತಂದೆ ಜಾನ್ ಹೌ ಅಮೆರಿಕದ ಕ್ರಾಂತಿಯ ಕಾಲದಲ್ಲಿ ಬ್ರಿಟಿಷ್ ರಾಜನ ಪಕ್ಷ ಹಿಡಿದು ಉತ್ತರಕ್ಕೆ ವಲಸೆ ಬಂದವನು. ಸರ್ಕಾರಿ ಮುದ್ರಕ, ಅಂಚೆಯ ಮುಖ್ಯಸ್ಥ. ರಾಜನಿಷ್ಠೆ ಮನೆಯಿಂದ ಬಂದದ್ದು, ಮುದ್ರಣಾಲಯವೂ ಮನೆಯದೇ. ಹುಡುಗನಾಗಿದ್ದಾಗಲೇ ಅಲ್ಲಿ ಕೆಲಸ ಕಲಿತ ಹೌ, 1828ರ ಆರಂಭದಿಂದ 'ನೋವಾಸ್ಕೋಷಿಯನ್' ಪತ್ರಿಕೆಯನ್ನು ನಡೆಸತೊಡಗಿದ.

1835ರ ಜನವರಿ 1ರಂದು ಆ ಪತ್ರಿಕೆಯಲ್ಲಿ 'ಜನತೆ' ಎಂಬ ಸಹಿಯ ಪತ್ರವೊಂದು ಅಚ್ಚಾಯಿತು. ಹ್ಯಾಲಿಫ್ಯಾಕ್ಸ್ ನಗರದ ಆಡಳಿತ ನಡೆಸುತ್ತಿದ್ದ ಮ್ಯಾಜಿಸ್ಟ್ರೇಟರೂ ಪೊಲೀಸರೂ ಮೂವತ್ತು ವರ್ಷಗಳಲ್ಲಿ ಜನರಿಂದ 30,000 ಪೌಂಡ್ ಕಿತ್ತುಕೊಂಡಿದ್ದಾರೆ ಎಂಬುದು ಅದರ ಆರೋಪ. ಮಾನಹಾನಿಯ ಕ್ರಿಮಿನಲ್ ಮೊಕದ್ದಮೆ ಬಿತ್ತು. ಅಂದಿನ ಕಾನೂನಿನ ಪ್ರಕಾರ ಬರೆದದ್ದು ನಿಜ ಎಂದು ತೋರಿಸಿದರೂ ಅದು ಸಮರ್ಥನೆ ಆಗುತ್ತಿರಲಿಲ್ಲ. ವಕೀಲರು ಗೆಲ್ಲುವ ದಾರಿ ಇಲ್ಲ ಎಂದರು. ಹೌ ತಾನೇ ವಾದಿಸಿದ. ಆರು ಗಂಟೆಗೂ ಹೆಚ್ಚು ಹೊತ್ತು ಮಾತನಾಡಿದ. ತೀರ್ಪುಗಾರರು ಹತ್ತು ನಿಮಿಷದಲ್ಲಿ ಅವನನ್ನು ಬಿಟ್ಟುಬಿಟ್ಟರು. ಇದರಿಂದ ಕಾನೂನು ಬದಲಾಗಲಿಲ್ಲ. ಆದರೆ ಜನರ ಎದುರು ನೇರವಾಗಿ ಮಾತಾಡಿದರೆ ಕಾನೂನಿನ ಗೋಡೆಯೂ ಬಾಗುತ್ತದೆ ಎಂಬ ನಂಬಿಕೆ ಅವನಲ್ಲಿ ಬೇರೂರಿತು. 1868ರಲ್ಲಿ ಅವನನ್ನು ಲಂಡನ್ನಿಗೆ ಕರೆದೊಯ್ದದ್ದೂ ಇದೇ ನಂಬಿಕೆ ಎಂಬುದನ್ನು ನೆನಪಿನಲ್ಲಿ ಇಡಬೇಕು.

1836ರಲ್ಲಿ ಶಾಸನಸಭೆಗೆ ಬಂದ. 1837ರಲ್ಲಿ ಹನ್ನೆರಡು ನಿರ್ಣಯಗಳನ್ನು ಮಂಡಿಸಿ, ನೇಮಕಗೊಂಡ ಮಂಡಳಿಯ ಹಿಡಿತದಿಂದ ಆಡಳಿತವನ್ನು ಬಿಡಿಸಬೇಕೆಂದ. 1839ರಲ್ಲಿ ಬ್ರಿಟನ್ನಿನ ಮಂತ್ರಿ ಲಾರ್ಡ್ ಜಾನ್ ರಸೆಲ್‌ಗೆ ಬಹಿರಂಗ ಪತ್ರಗಳನ್ನು ಬರೆದ. ಅವನ ಬೇಡಿಕೆಗೆ ನಮ್ಮ ಓದುಗರು ಬಲ್ಲ ಹೆಸರೇ ಇದೆ: ಜವಾಬ್ದಾರಿ ಸರ್ಕಾರ. 1947ರ 'ಮೈಸೂರು ಚಲೋ' ಚಳವಳಿ ಕೇಳಿದ್ದೂ ಇದನ್ನೇ. ಮಂತ್ರಿಗಳು ಅರಮನೆಗಲ್ಲ, ಚುನಾಯಿತ ಸಭೆಗೆ ಉತ್ತರ ಕೊಡಬೇಕು. ಸಭೆಯ ವಿಶ್ವಾಸ ಹೋದರೆ ಇಳಿಯಬೇಕು.

ಈ ಹೋರಾಟದ ದಾರಿಯಲ್ಲಿ ಅವನಿಗೆ ಎದುರಾದ ಲೆಫ್ಟಿನೆಂಟ್ ಗವರ್ನರ್ ಲಾರ್ಡ್ ಫಾಕ್ಲೆಂಡ್ (1840–46). ಹೌ ಅವನ ಮಂಡಳಿ ಸೇರಿ, 1843ರಲ್ಲಿ ರಾಜೀನಾಮೆ ಕೊಟ್ಟು, ಆಮೇಲೆ ಪತ್ರಿಕೆಯಲ್ಲಿ ಅವನನ್ನು ವರ್ಷಗಟ್ಟಲೆ ಜಾಲಾಡಿದ. ಇದೇ ಫಾಕ್ಲೆಂಡ್ 1848ರಿಂದ 1853ರವರೆಗೆ ಬೊಂಬಾಯಿಯ ಗವರ್ನರ್ ಆಗಿದ್ದ. ಧಾರವಾಡ, ಬೆಳಗಾವಿಗಳು ಆಗ ಅವನ ಆಡಳಿತಕ್ಕೆ ಸೇರಿದ್ದವು. ಹ್ಯಾಲಿಫ್ಯಾಕ್ಸ್‌ನ ಮತದಾರರು ಸಾಧಿಸಿಕೊಂಡದ್ದರ ನೆರಳೂ ಬೊಂಬಾಯಿ ಪ್ರಾಂತ್ಯಕ್ಕೆ ಆಗ ಸಿಗಲಿಲ್ಲ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ.

1847ರ ಚುನಾವಣೆಯಲ್ಲಿ ಸುಧಾರಣಾವಾದಿಗಳು ಗೆದ್ದರು. 1848ರ ಫೆಬ್ರವರಿಯಲ್ಲಿ ಜೇಮ್ಸ್ ಬಾಯ್ಲ್ ಯುನಿಯಾಕ್ ನೇತೃತ್ವದ ಮಂತ್ರಿಮಂಡಲ ಅಧಿಕಾರ ಹಿಡಿಯಿತು. ಬ್ರಿಟಿಷ್ ವಸಾಹತುಗಳಲ್ಲಿಯೇ ಮೊದಲ ಜವಾಬ್ದಾರಿ ಸರ್ಕಾರ ಇದು. ಹೌ ಅದರಲ್ಲಿ ಪ್ರಾಂತೀಯ ಕಾರ್ಯದರ್ಶಿ. ಒಂದು ಗುಂಡೂ ಹಾರಲಿಲ್ಲ, ಒಂದು ಕಿಟಕಿಯೂ ಒಡೆಯಲಿಲ್ಲ ಎಂದು ಅವನು ಜೀವನವಿಡೀ ಹೆಮ್ಮೆಪಟ್ಟ.

ಒಕ್ಕೂಟವನ್ನು ಸಭೆಯಲ್ಲಿ ಪಾಸು ಮಾಡಿಸಿದ ಬಗೆ

1860ರಿಂದ 1863ರವರೆಗೆ ಹೌ ಪ್ರಾಂತ್ಯದ ಪ್ರಧಾನಿ. 1863ರ ಚುನಾವಣೆಯಲ್ಲಿ ಅವನ ಪಕ್ಷ ನೆಲಕಚ್ಚಿತು, ಅವನೂ ಸೋತ. ಆ ಚುನಾವಣೆಯಲ್ಲಿ ಒಕ್ಕೂಟದ ವಿಷಯ ಮತದಾರರ ಮುಂದೆ ಇರಲೇ ಇಲ್ಲ. ಮುಂದಿನ ಎಲ್ಲ ಜಗಳದ ಬೇರು ಇಲ್ಲಿದೆ: 1866ರಲ್ಲಿ ಪ್ರಾಂತ್ಯವನ್ನು ಒಕ್ಕೂಟಕ್ಕೆ ಸೇರಿಸಿದ್ದು 1863ರಲ್ಲಿ ಬೇರೆ ಕಾರಣಗಳಿಗಾಗಿ ಆರಿಸಿ ಬಂದ ಸಭೆ.

1864ರಲ್ಲಿ ಪ್ರಧಾನಿಯಾದ ಚಾರ್ಲ್ಸ್ ಟಪ್ಪರ್ ವೈದ್ಯ, ಹಟವಾದಿ, ಲೆಕ್ಕಾಚಾರದಲ್ಲಿ ಚುರುಕು. ವಸಾಹತುಗಳ ಐಕ್ಯವನ್ನು ಚರ್ಚಿಸಿದ ಸೆಪ್ಟೆಂಬರ್‌ನ ಷಾರ್ಲಟ್‌ಟೌನ್ ಸಭೆಗೆ ಹೌನನ್ನೂ ಕರೆದಿದ್ದ. ಹೌ ಆಗ ಬ್ರಿಟಿಷ್ ಸರ್ಕಾರದ ಮೀನುಗಾರಿಕಾ ಕಮಿಷನರ್. ಕೆಲಸ ಬಿಟ್ಟು ಬರಲಾಗದು ಎಂದ. ವಿರೋಧ ಪಕ್ಷದಿಂದ ಆಡಮ್ಸ್ ಆರ್ಚಿಬಾಲ್ಡ್ ಮತ್ತು ಜೊನಾಥನ್ ಮಕಲ್ಲಿ ಹೋದರು, ಇಬ್ಬರೂ ಒಕ್ಕೂಟದ ಪರವಾಗಿ ಹಿಂತಿರುಗಿದರು. ಹೀಗೆ ವಿರೋಧ ಪಕ್ಷದ ನಾಯಕತ್ವವೇ ಟಪ್ಪರ್ ಕಡೆ ಸೇರಿತು. ಈ ಒಂದು ಗೈರುಹಾಜರಿಯ ಬೆಲೆ ದೊಡ್ಡದು ಎಂಬುದು ನಮ್ಮ ಅಭಿಪ್ರಾಯ. ಹೌ ಆ ಮೇಜಿನ ಬಳಿ ಇದ್ದಿದ್ದರೆ ಮುಂದೆ 1869ರಲ್ಲಿ ಚೌಕಾಸಿ ಮಾಡಿ ಪಡೆದದ್ದನ್ನು ಆಗಲೇ ಬರೆಸಿಕೊಳ್ಳಬಹುದಿತ್ತು.

ಅಕ್ಟೋಬರ್‌ನಲ್ಲಿ ಕ್ವಿಬೆಕ್‌ನಲ್ಲಿ ನಡೆದ ಮುಂದಿನ ಸಭೆಯಲ್ಲಿ ಒಕ್ಕೂಟದ ಷರತ್ತುಗಳ 72 ನಿರ್ಣಯಗಳು ಸಿದ್ಧವಾದವು. ಜನರಿಗೆ ನೇರವಾಗಿ ತಾಗುವ ಸಂಗತಿಗಳು ಮೂರು.

ಮೊದಲನೆಯದು ಸುಂಕ. ನೋವಾ ಸ್ಕೋಷಿಯಾದ ಬೊಕ್ಕಸ ನಡೆಯುತ್ತಿದ್ದದ್ದೇ ಬಂದರಿನ ಆಮದು ಸುಂಕದಿಂದ; ದರ ಸಾಮಾನ್ಯವಾಗಿ ಶೇ 10ರಷ್ಟು. ಕೆನಡಾ ಪ್ರಾಂತ್ಯದ (ಒಕ್ಕೂಟದಲ್ಲಿ ಒಂಟಾರಿಯೊ, ಕ್ವಿಬೆಕ್ ಆದ ಭಾಗ) ದರ ಶೇ 20 ಇತ್ತು, ಕರಾವಳಿಯವರನ್ನು ಸಮಾಧಾನಪಡಿಸಲು 1866ರಲ್ಲಿ ಶೇ 15ಕ್ಕೆ ಇಳಿಸಿದರು. ಹಡಗು ಕಟ್ಟಿ, ಮೀನು ಮಾರಿ, ಬಟ್ಟೆ, ಹಗ್ಗ, ಕಬ್ಬಿಣ ಎಲ್ಲವನ್ನೂ ಹೊರಗಿನಿಂದ ತರಿಸುವ ಊರುಗಳಿಗೆ ಇದು ಒಂದೂವರೆ ಪಟ್ಟು ಹೊರೆ. ಮೇಲಾಗಿ ಹಣ ಹ್ಯಾಲಿಫ್ಯಾಕ್ಸ್‌ನಲ್ಲಿ ಉಳಿಯದೆ ಒಟ್ಟಾವಾಕ್ಕೆ ಹೋಗುತ್ತದೆ.

ಎರಡನೆಯದು, ಕೊಟ್ಟ ಸುಂಕಕ್ಕೆ ಬದಲಾಗಿ ಬರುವ ಅನುದಾನ: 1861ರ ಜನಗಣತಿಯ ಲೆಕ್ಕದಲ್ಲಿ ತಲೆಗೆ 80 ಸೆಂಟ್. ಒಂದು ಕುರಿ ಚರ್ಮದ ಬೆಲೆಗೆ ನಮ್ಮನ್ನು ಮಾರಿದರು ಎಂಬ ಮಾತು ಊರೂರಿನ ಸಭೆಗಳಲ್ಲಿ ಹಬ್ಬಿತು. ಈ ಅನುದಾನದಲ್ಲೇ ಶಾಲೆ, ರಸ್ತೆ, ಸೇತುವೆ, ಶಾಸನಸಭೆಯ ಖರ್ಚು ನಡೆಯಬೇಕು.

ಮೂರನೆಯದು ಪ್ರಾತಿನಿಧ್ಯ. ಒಟ್ಟಾವಾದ ಕೆಳಮನೆಯ 181 ಸ್ಥಾನಗಳಲ್ಲಿ ಒಂಟಾರಿಯೊಗೆ 82, ಕ್ವಿಬೆಕ್‌ಗೆ 65, ನೋವಾ ಸ್ಕೋಷಿಯಾಕ್ಕೆ 19, ನ್ಯೂ ಬ್ರನ್ಸ್‌ವಿಕ್‌ಗೆ 15. ಇಡೀ ಪ್ರಾಂತ್ಯ ಒಂದೇ ದನಿಯಲ್ಲಿ ಮತ ಹಾಕಿದರೂ ಸುಂಕದ ದರದಲ್ಲಿ ಒಂದು ಸೆಂಟ್ ಕದಲಿಸಲು ಆಗದು.

1865ರ ಜನವರಿಯಿಂದ 'ಮಾರ್ನಿಂಗ್ ಕ್ರಾನಿಕಲ್' ಪತ್ರಿಕೆಯಲ್ಲಿ ಒಕ್ಕೂಟದ ವಿರುದ್ಧ ಹನ್ನೆರಡು ಅನಾಮಿಕ ಲೇಖನಗಳು ಬಂದವು. ಒಕ್ಕೂಟದ ಪರವಿದ್ದ ಸಂಪಾದಕ ಮಕಲ್ಲಿಯನ್ನು ಮಾಲೀಕ ವಿಲಿಯಂ ಅನ್ನಾಂಡ್ ಆಗಷ್ಟೇ ಹೊರಹಾಕಿದ್ದ. ಬರೆದವನು ಹೌ ಎಂದು ಊರಿಗೆಲ್ಲ ಗೊತ್ತಾಯಿತು. ಆದರೆ ಸರ್ಕಾರಿ ಹುದ್ದೆಯಲ್ಲಿದ್ದವನು ಬಹಿರಂಗವಾಗಿ ವೇದಿಕೆ ಏರುವಂತಿರಲಿಲ್ಲ. ಶಾಸನಸಭೆಯಲ್ಲಿ ಅವನಿಗೆ ಸ್ಥಾನವೂ ಇರಲಿಲ್ಲ. ಅವನ ವಿರುದ್ಧ ಎದುರಾಳಿಗಳ ಕೈಯಲ್ಲಿ ಇನ್ನೊಂದು ಅಸ್ತ್ರವೂ ಇತ್ತು: 1861ರಲ್ಲಿ ಪ್ರಧಾನಿಯಾಗಿ ವಸಾಹತುಗಳ ಐಕ್ಯದ ಬಗ್ಗೆ ಚರ್ಚಿಸಬೇಕು ಎಂದು ನಿರ್ಣಯ ತಂದವನು, 1864ರ ಆಗಸ್ಟ್‌ನಲ್ಲಿ ಕೆನಡಾದಿಂದ ಬಂದ ಅತಿಥಿಗಳ ಔತಣದಲ್ಲಿ ಐಕ್ಯವನ್ನು ಹೊಗಳಿದವನು ಇದೇ ಹೌ. ತಾನು ವಿರೋಧಿಸುವುದು ಐಕ್ಯವನ್ನಲ್ಲ, ಈ ಷರತ್ತುಗಳನ್ನು ಮತ್ತು ಜನರನ್ನು ಕೇಳದೆ ಹೇರುವ ಕ್ರಮವನ್ನು ಎಂದು ಅವನು ಕೊನೆಯವರೆಗೂ ಬಿಡಿಸಿ ಹೇಳಬೇಕಾಯಿತು.

ಟಪ್ಪರ್ ಚುನಾವಣೆಗೆ ಹೋಗಲಿಲ್ಲ. ಕಾರಣ ಸರಳ. ಪಕ್ಕದ ನ್ಯೂ ಬ್ರನ್ಸ್‌ವಿಕ್‌ನಲ್ಲಿ 1865ರಲ್ಲಿ ಜನರನ್ನು ಕೇಳಿದಾಗ ಒಕ್ಕೂಟದ ಪಕ್ಷ ಸೋತಿತ್ತು. ಜೊತೆಗೆ ಟಪ್ಪರ್ ತಂದ ಉಚಿತ ಶಾಲಾ ಕಾಯ್ದೆ, ಅದಕ್ಕಾಗಿ ಹಾಕಿದ ಕಡ್ಡಾಯ ಶಾಲಾ ತೆರಿಗೆ ಹಳ್ಳಿಗಳಲ್ಲಿ ಸಿಟ್ಟು ಹುಟ್ಟಿಸಿತ್ತು. ಕಾಯ್ದೆ ಒಳ್ಳೆಯದೇ, ಆದರೆ ಮತ ತರುವಂಥದ್ದಲ್ಲ. ಹಾಗಾಗಿ 1865ರ ಅಧಿವೇಶನದಲ್ಲಿ ಕ್ವಿಬೆಕ್ ಯೋಜನೆಯನ್ನು ಮತಕ್ಕೆ ಹಾಕದೆ, ಕರಾವಳಿ ಪ್ರಾಂತ್ಯಗಳ ಐಕ್ಯದ ಮಾತೆತ್ತಿ ಕಾಲ ತಳ್ಳಿದ.

1866ರ ವಸಂತದಲ್ಲಿ ಗಾಳಿ ತಿರುಗಿತು. ಮಾರ್ಚ್‌ನಲ್ಲಿ ಅಮೆರಿಕ ಮುಕ್ತ ವ್ಯಾಪಾರದ ಒಪ್ಪಂದವನ್ನು ಕೊನೆಗೊಳಿಸಿತು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಐರಿಷ್ ಫೆನಿಯನ್ನರು ಅಮೆರಿಕದ ಗಡಿಯಲ್ಲಿ ಜಮಾಯಿಸಿದ ಸುದ್ದಿ ಭಯ ಹುಟ್ಟಿಸಿತು. ಲಂಡನ್ ಸರ್ಕಾರ ಒಕ್ಕೂಟಕ್ಕೆ ಒತ್ತಾಯಿಸುತ್ತ, ನೋವಾ ಸ್ಕೋಷಿಯಾದವನೇ ಆದ ಯುದ್ಧವೀರ ಸರ್ ವಿಲಿಯಂ ಫೆನ್ವಿಕ್ ವಿಲಿಯಮ್ಸ್‌ನನ್ನು ಲೆಫ್ಟಿನೆಂಟ್ ಗವರ್ನರ್ ಮಾಡಿ ಕಳಿಸಿತ್ತು. ಏಪ್ರಿಲ್‌ನಲ್ಲಿ ಅದುವರೆಗೆ ವಿರೋಧಿಯಾಗಿದ್ದ ವಿಲಿಯಂ ಮಿಲ್ಲರ್ ಎದ್ದು ನಿಂತು, ಕ್ವಿಬೆಕ್ ಷರತ್ತು ಬಿಟ್ಟು ಲಂಡನ್‌ನಲ್ಲಿ ಹೊಸದಾಗಿ ಮಾತಾಡಿದರೆ ಒಪ್ಪಬಹುದು ಎಂದ. ಟಪ್ಪರ್‌ಗೆ ಬೇಕಿದ್ದದ್ದು ಇಷ್ಟೇ. ಹಾಗೊಂದು ನಿರ್ಣಯವನ್ನು ತಂದ. 31 ಮತ ಪರ, 19 ವಿರುದ್ಧ. ಕ್ವಿಬೆಕ್ ಎಂಬ ಪದವೇ ನಿರ್ಣಯದಲ್ಲಿ ಇರಲಿಲ್ಲವಾದ್ದರಿಂದ ಅಳುಕುತ್ತಿದ್ದ ಸದಸ್ಯರಿಗೆ ಕೈ ಎತ್ತಲು ಅನುಕೂಲವಾಯಿತು. ಲಂಡನ್ ಮಾತುಕತೆಯಲ್ಲಿ ಬದಲಾದದ್ದು ಸ್ವಲ್ಪ: ತಲೆಗೆ 80 ಸೆಂಟ್‌ನ ಮೇಲೆ ವರ್ಷಕ್ಕೆ 60,000 ಡಾಲರ್ ನಿಗದಿತ ಅನುದಾನ ಸೇರಿತು, ಜನಸಂಖ್ಯೆ 4 ಲಕ್ಷ ಮುಟ್ಟುವವರೆಗೆ ತಲಾ ಅನುದಾನ ಬೆಳೆಯಲು ಅವಕಾಶವಾಯಿತು.

ಹೌ 1866ರ ಜುಲೈನಲ್ಲಿ ಲಂಡನ್ನಿಗೆ ಹೋಗಿ, ಕಿರುಹೊತ್ತಿಗೆ ಬರೆದು, ಸಂಸದರನ್ನು ಕಂಡು, ಮಸೂದೆ ತಡೆಯಲು ಹೆಣಗಿದ. ಒಂದು ಚುನಾವಣೆಯ ಮಟ್ಟಿಗೆ ತಡೆಯಿರಿ ಎಂಬುದಷ್ಟೇ ಅವನ ಕೋರಿಕೆ. ಸಭೆಯ ಅವಧಿ 1867ರಲ್ಲಿ ಹೇಗೂ ಮುಗಿಯುತ್ತಿತ್ತು. ಒಕ್ಕೂಟವನ್ನು ಹುಟ್ಟುಹಾಕುವ ಬ್ರಿಟಿಷ್ ಉತ್ತರ ಅಮೆರಿಕ ಕಾಯ್ದೆಗೆ 1867ರ ಮಾರ್ಚ್ 29ರಂದು ಅಂಕಿತ ಬಿತ್ತು.

ಗೆಲುವಿನ ನಂತರ ಬಾಗಿಲುಗಳು ಮುಚ್ಚಿದ್ದು

ಸೆಪ್ಟೆಂಬರ್ 1867ರ ಫಲಿತಾಂಶವನ್ನು ಮೇಲೆ ಹೇಳಿದ್ದೇವೆ. ಒಕ್ಕೂಟದ ಪರ ಒಟ್ಟಾವಾಕ್ಕೆ ಗೆದ್ದವನು ಟಪ್ಪರ್ ಒಬ್ಬನೇ. ಸ್ಥಾನಗಳ ಲೆಕ್ಕ ಹೇಳುವಷ್ಟು ಏಕಪಕ್ಷೀಯವಾಗಿ ಮತ ಬಿದ್ದಿರಲಿಲ್ಲ ಎಂಬುದನ್ನೂ ಹೇಳಬೇಕು. ಹತ್ತು ಮತಗಳಲ್ಲಿ ಸುಮಾರು ನಾಲ್ಕು ಒಕ್ಕೂಟದ ಕಡೆಗಿದ್ದವು. ಆದರೂ ಇಂಥ ತೀರ್ಪನ್ನು ತಳ್ಳಿಹಾಕುವುದು ಕಷ್ಟ ಎಂದು ಹೌ ನಂಬಿದ. ಪ್ರಾಂತ್ಯದ ಹೊಸ ಸರ್ಕಾರದ ಮುಖ್ಯಸ್ಥನಾಗಿ ಅನ್ನಾಂಡ್ ಬಂದ. 1868ರ ಫೆಬ್ರವರಿಯಲ್ಲಿ ಕಾಯ್ದೆಯಿಂದ ನೋವಾ ಸ್ಕೋಷಿಯಾವನ್ನು ಬಿಡಿಸಿ ಎಂದು ಕೇಳುವ ನಿಯೋಗ ಹೌ ನೇತೃತ್ವದಲ್ಲಿ ಲಂಡನ್ನಿಗೆ ಹೊರಟಿತು. ಕೆನಡಾದ ಪ್ರಧಾನಿ ಜಾನ್ ಎ. ಮ್ಯಾಕ್ಡೊನಾಲ್ಡ್ ಹಿಂದೆಯೇ ಟಪ್ಪರ್‌ನನ್ನು ಕಳಿಸಿದ.

ಲಂಡನ್ ದಾರಿಯೇ ಏಕೆ? ಕಾಯ್ದೆ ಬ್ರಿಟಿಷ್ ಸಂಸತ್ತಿನದು. ಅದನ್ನು ತಿದ್ದಬಲ್ಲದ್ದೂ ಅದೊಂದೇ. ಹೊಸ ಪ್ರಾಂತ್ಯಗಳು ಒಳಬರುವ ಬಗೆಯನ್ನು 146ನೇ ಕಲಮು ಹೇಳುತ್ತದೆ, ಹೊರಹೋಗುವುದಕ್ಕೆ ಕಲಮೇ ಇಲ್ಲ. ಹೀಗಾಗಿ ಪ್ರಾಂತ್ಯದ ಚುನಾವಣೆಯ ಗೆಲುವು ಲಂಡನ್‌ನಲ್ಲಿ ಮನವಿಯ ಜೊತೆ ಲಗತ್ತಿಸುವ ಕಾಗದ ಮಾತ್ರ ಆಯಿತು.

ವಸಾಹತು ಕಾರ್ಯದರ್ಶಿ ಬಕಿಂಗ್‌ಹ್ಯಾಮ್ ಡ್ಯೂಕ್ 1868ರ ಜೂನ್‌ನಲ್ಲಿ ಕೊಟ್ಟ ಉತ್ತರವನ್ನು ಎಚ್ಚರದಿಂದ ಓದಬೇಕು. ನೋವಾ ಸ್ಕೋಷಿಯಾದ ಶಾಸನಸಭೆ ಒಕ್ಕೂಟಕ್ಕೆ ಒಪ್ಪಿತ್ತು; ಆ ಒಪ್ಪಿಗೆಯ ಮೇಲೆ ಉಳಿದ ಪ್ರಾಂತ್ಯಗಳೂ ಬ್ರಿಟನ್ನೂ ಕಟ್ಟಳೆ ಮಾಡಿಕೊಂಡಿವೆ; ಈಗ ಬಿಚ್ಚಲಾಗದು. ಆದರೆ ತೆರಿಗೆ, ವ್ಯಾಪಾರ, ಮೀನುಗಾರಿಕೆಯಲ್ಲಿ ಅನ್ಯಾಯವಾಗಿದ್ದರೆ ಒಟ್ಟಾವಾ ಸರಿಪಡಿಸಲಿ. ಚುನಾಯಿತ ಸಭೆಯ ಒಪ್ಪಿಗೆಯ ಹಿಂದೆ ಇಣುಕಿ, ಇದು ನಿಜಕ್ಕೂ ಜನರ ಮಾತೇ ಎಂದು ಲಂಡನ್ ವಿಚಾರಿಸಬೇಕು ಎಂಬುದು ಹೌನ ಬೇಡಿಕೆ. ಹಾಗೆ ವಿಚಾರಿಸುವ ಹಕ್ಕು ಲಂಡನ್‌ಗೆ ಇರಬಾರದು ಎಂದೇ ಅವನು 1839ರಲ್ಲಿ ರಸೆಲ್‌ಗೆ ಬರೆದದ್ದು. ಅವನ ದೂರು ನ್ಯಾಯವಾದದ್ದೇ. ಸಭೆಗೆ ಜನಾದೇಶ ಇರಲಿಲ್ಲ. ಆದರೆ ಜವಾಬ್ದಾರಿ ಸರ್ಕಾರದ ವ್ಯವಸ್ಥೆಯಲ್ಲಿ ಸಭೆಯ ಅವಧಿ ಮುಗಿಯುವವರೆಗೆ ಬಹುಮತವೇ ಅಧಿಕಾರ; ದೊಡ್ಡ ಪ್ರಶ್ನೆಗಳಿಗೆ ಪ್ರತ್ಯೇಕ ಮತ ಪಡೆಯಬೇಕೆಂಬ ನಿಯಮವನ್ನು ಯಾರೂ ಬರೆದಿಡಲಿಲ್ಲ. 1848ರಲ್ಲಿ ಅದರ ಅಗತ್ಯ ಯಾರಿಗೂ ತೋರಿರಲಿಲ್ಲ.

ಜೂನ್ 16ರಂದು ಬ್ರಿಟಿಷ್ ಸಂಸದ ಜಾನ್ ಬ್ರೈಟ್ ಲಂಡನ್‌ನ ಕೆಳಮನೆಯಲ್ಲಿ, ನೋವಾ ಸ್ಕೋಷಿಯಾದ ಅಸಮಾಧಾನದ ಕಾರಣ ವಿಚಾರಿಸಲು ಆಯೋಗ ಬೇಕೆಂದು ಮಂಡಿಸಿದ. ಪರ 87, ವಿರುದ್ಧ 183. ಬರೀ ವಿಚಾರಣೆಗೂ ಮತ ಸಿಗಲಿಲ್ಲವೆಂದರೆ ರದ್ದತಿಯ ಮಾತು ಮುಗಿದಂತೆಯೇ.

ಟಪ್ಪರ್ ಲಂಡನ್‌ನಲ್ಲಿ ಹೌನನ್ನು ಅವನ ಬಿಡಾರಕ್ಕೇ ಹೋಗಿ ಕಂಡ. ರದ್ದತಿ ಆಗದಿದ್ದರೆ ಮುಂದೇನು ಎಂಬ ಪ್ರಶ್ನೆಯನ್ನು ಅವನ ಮುಂದೆ ಇಟ್ಟು ಬಂದ.

1868ರ ಬೇಸಿಗೆಯಲ್ಲಿ ಉಳಿದ ದಾರಿಗಳು

ಆಗಸ್ಟ್‌ನಲ್ಲಿ ರದ್ದತಿ ಪಕ್ಷದವರು ಹ್ಯಾಲಿಫ್ಯಾಕ್ಸ್‌ನಲ್ಲಿ ಸೇರಿದರು. ಮ್ಯಾಕ್ಡೊನಾಲ್ಡ್ ಕೂಡ ತನ್ನ ಮಂತ್ರಿ ಕಾರ್ಟಿಯೇ ಮತ್ತು ಟಪ್ಪರ್ ಜೊತೆ ಅದೇ ಸಮಯಕ್ಕೆ ಅಲ್ಲಿಗೆ ಬಂದ. ಹೌ ಎದುರು ಇದ್ದ ಆಯ್ಕೆಗಳು ಹೀಗಿದ್ದವು.

ಅಮೆರಿಕಕ್ಕೆ ಸೇರುವುದು. ಬಾಸ್ಟನ್ ವ್ಯಾಪಾರ ನಂಬಿದ ಕೆಲವರು ಇದನ್ನು ಗಟ್ಟಿಯಾಗಿಯೇ ಹೇಳತೊಡಗಿದ್ದರು. ಹೌ ಬಾಯಿಗೂ ತರಲಿಲ್ಲ. ಅವನಿಗೆ ಬ್ರಿಟಿಷ್ ಸಾಮ್ರಾಜ್ಯ ಎಂಬುದು ತಂದೆಯಿಂದ ಬಂದ ಧರ್ಮದಂತೆ. ಮ್ಯಾಕ್ಡೊನಾಲ್ಡ್‌ಗೂ ಇದು ತಿಳಿದಿತ್ತು. ಹೆದರಿಕೆ ಹುಟ್ಟಿಸಲು ಕೂಡ ಬಳಸದ ಆಯ್ಕೆ ಚೌಕಾಸಿಯಲ್ಲಿ ಇದ್ದೂ ಇಲ್ಲದಂತೆ.

ಕಾನೂನು ಮೀರುವುದು. ಪ್ರಾಂತ್ಯದ ಅಟಾರ್ನಿ ಜನರಲ್ ಮಾರ್ಟಿನ್ ವಿಲ್ಕಿನ್ಸ್ ಕಾಯ್ದೆಯೇ ಅಸಿಂಧು ಎಂದು ವಾದಿಸುತ್ತಿದ್ದ. ಆದರೆ ಒಟ್ಟಾವಾದ ಸುಂಕದ ಕಟ್ಟೆಗಳನ್ನು ಕೈವಶ ಮಾಡಿಕೊಂಡರೆ ಹ್ಯಾಲಿಫ್ಯಾಕ್ಸ್‌ನಲ್ಲೇ ಇರುವ ಬ್ರಿಟಿಷ್ ಸೇನೆ ಮತ್ತು ನೌಕಾಪಡೆಯನ್ನು ಎದುರಿಸಬೇಕಾಗುತ್ತದೆ. ಹೌ ಇದನ್ನು ಜನರಿಗೆ ನೇರವಾಗಿಯೇ ಹೇಳಿದ.

ಅಸಹಕಾರ. ಪ್ರಾಂತೀಯ ಸರ್ಕಾರ ರಾಜೀನಾಮೆ ಕೊಟ್ಟು, ಸಂಸದರು ಒಟ್ಟಾವಾವನ್ನು ಬಹಿಷ್ಕರಿಸಿ ಆಡಳಿತವನ್ನೇ ನಿಲ್ಲಿಸುವುದು. 38ರಲ್ಲಿ 36 ಮಂದಿ ಒಂದೇ ಪಕ್ಷದವರಾದ್ದರಿಂದ ಪರ್ಯಾಯ ಮಂತ್ರಿಮಂಡಲ ಕಟ್ಟುವುದು ಅಸಾಧ್ಯವಾಗುತ್ತಿತ್ತು. ಒಟ್ಟಾವಾ ನಿಜವಾಗಿ ಅಂಜಿದ್ದು ಇದಕ್ಕೆ. ಆದರೆ ಸಂಸದರು 1867ರ ನವೆಂಬರ್‌ನಲ್ಲೇ ಒಟ್ಟಾವಾಕ್ಕೆ ಹೋಗಿ ಕುಳಿತು ಆಗಿತ್ತು, ಅನ್ನಾಂಡ್ ಸರ್ಕಾರಕ್ಕೆ ಅಧಿಕಾರ ಬಿಡುವ ಮನಸ್ಸು ಇರಲಿಲ್ಲ. ನಮ್ಮ ಪ್ರಕಾರ ರದ್ದತಿ ಪಕ್ಷದ ಕೈಯಲ್ಲಿದ್ದ ನಿಜವಾದ ಪಟ್ಟು ಇದೊಂದೇ. ಅದನ್ನು ಹಾಕದೆ ಬಿಟ್ಟದ್ದು ಆ ಪಕ್ಷದ ದೊಡ್ಡ ತಪ್ಪು.

ಕೊನೆಯದು ಲೆಕ್ಕದ ಪುಸ್ತಕ ತೆಗೆದು ಒಟ್ಟಾವಾ ಜೊತೆ ಹಣದ ಚೌಕಾಸಿಗೆ ಕೂರುವುದು. ಬಕಿಂಗ್‌ಹ್ಯಾಮ್‌ನ ಪತ್ರವೇ ಅದಕ್ಕೆ ಬಾಗಿಲು ತೆರೆದಿತ್ತು. ಲಂಡನ್‌ನಲ್ಲಿ ಗ್ಲಾಡ್‌ಸ್ಟನ್ ಸರ್ಕಾರ ಬಂದ ಮೇಲೆ ರದ್ದತಿಯ ಆಸೆ ಮತ್ತೆ ಚಿಗುರಿತ್ತು. 1869ರ ಜನವರಿಯಲ್ಲಿ ಹೊಸ ವಸಾಹತು ಕಾರ್ಯದರ್ಶಿ ಗ್ರ್ಯಾನ್‌ವಿಲ್ ಕೂಡ ಒಕ್ಕೂಟ ಉಳಿಯುತ್ತದೆ ಎಂದು ಬರೆದ ಮೇಲೆ ಅದೂ ಕಮರಿತು.

ಪೋರ್ಟ್‌ಲ್ಯಾಂಡ್‌ನ ಲೆಕ್ಕ

ಜನವರಿಯಲ್ಲೇ ಹೌ ಮತ್ತು ಸಂಸದ ಆರ್ಚಿಬಾಲ್ಡ್ ಮೆಕ್‌ಲೆಲನ್, ಕೆನಡಾದ ಹಣಕಾಸು ಮಂತ್ರಿ ಜಾನ್ ರೋಸ್‌ನನ್ನು ಅಮೆರಿಕದ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಭೇಟಿಯಾದರು. ಅಲ್ಲಿ ಬಳಸಿದ ಸೂತ್ರ ಇಡೀ ಪ್ರಕರಣದ ಅತ್ಯಂತ ಜಾಣ ಭಾಗ. ಹೌ ಹೊಸ ತತ್ವವನ್ನು ಕೇಳಲಿಲ್ಲ. ಪಕ್ಕದ ನ್ಯೂ ಬ್ರನ್ಸ್‌ವಿಕ್‌ಗೆ ಕೊಟ್ಟದ್ದನ್ನು ಜನಸಂಖ್ಯೆಯ ಪ್ರಮಾಣದಲ್ಲಿ ನಮಗೂ ಕೊಡಿ ಎಂದ.

1861ರ ಗಣತಿಯಂತೆ ನೋವಾ ಸ್ಕೋಷಿಯಾದ ಜನಸಂಖ್ಯೆ 3,30,857. ನ್ಯೂ ಬ್ರನ್ಸ್‌ವಿಕ್‌ನದು 2,52,047. ಕಾಯ್ದೆಯ ಪ್ರಕಾರ ನೋವಾ ಸ್ಕೋಷಿಯಾಕ್ಕೆ ತಲೆಗೆ 80 ಸೆಂಟ್‌ನಂತೆ 2,64,686 ಡಾಲರ್, ನಿಗದಿತ 60,000 ಸೇರಿ ವರ್ಷಕ್ಕೆ 3,24,686 ಡಾಲರ್ ಬರುತ್ತಿತ್ತು. ನ್ಯೂ ಬ್ರನ್ಸ್‌ವಿಕ್‌ಗೆ ಇವುಗಳಲ್ಲದೆ 119ನೇ ಕಲಮಿನಲ್ಲಿ ಹತ್ತು ವರ್ಷಗಳ ವಿಶೇಷ ಅನುದಾನ ಇತ್ತು: ವರ್ಷಕ್ಕೆ 63,000 ಡಾಲರ್, ಅಂದರೆ ತಲೆಗೆ 25 ಸೆಂಟ್. ನೋವಾ ಸ್ಕೋಷಿಯಾಕ್ಕೆ ಇಂಥದ್ದು ಇರಲಿಲ್ಲ. 63,000ವನ್ನು 2,52,047ರಿಂದ ಭಾಗಿಸಿ 3,30,857ರಿಂದ ಗುಣಿಸಿದರೆ 82,698 ಬರುತ್ತದೆ. ಒಪ್ಪಂದದಲ್ಲಿ ಸಿಕ್ಕ ಮೊತ್ತವೂ ಹತ್ತು ವರ್ಷಗಳ ಕಾಲ ವರ್ಷಕ್ಕೆ ಸರಿಯಾಗಿ 82,698 ಡಾಲರ್.

ಇನ್ನೊಂದು ಭಾಗ ಸಾಲದ್ದು. ಒಕ್ಕೂಟಕ್ಕೆ ಸೇರುವಾಗ ಪ್ರಾಂತ್ಯಗಳ ಹಳೆಯ ಸಾಲವನ್ನು ಒಟ್ಟಾವಾ ವಹಿಸಿಕೊಂಡಿತು, ಆದರೆ ಒಂದು ಮಿತಿಯವರೆಗೆ. ಮಿತಿ ಮೀರಿದ ಸಾಲಕ್ಕೆ ಪ್ರಾಂತ್ಯ ವರ್ಷಕ್ಕೆ ಶೇ 5 ಬಡ್ಡಿ ಕಟ್ಟಬೇಕು. ಮಿತಿಗಿಂತ ಕಡಿಮೆ ಇದ್ದರೆ ಅದೇ ದರದಲ್ಲಿ ಪ್ರಾಂತ್ಯಕ್ಕೇ ಹಣ ಬರುತ್ತದೆ. ನೋವಾ ಸ್ಕೋಷಿಯಾದ ಮಿತಿ 80 ಲಕ್ಷ ಡಾಲರ್, ತಲೆಗೆ ಸುಮಾರು 24 ಡಾಲರ್. ನ್ಯೂ ಬ್ರನ್ಸ್‌ವಿಕ್‌ನ ಮಿತಿ 70 ಲಕ್ಷ, ತಲೆಗೆ ಸುಮಾರು 28 ಡಾಲರ್. ಕ್ವಿಬೆಕ್‌ನಲ್ಲಿ ಕೂತವರು ಈ ವ್ಯತ್ಯಾಸವನ್ನು ಗಮನಿಸದೆ ಬಿಟ್ಟಿದ್ದರು, ಅಥವಾ ಗಮನಿಸಿಯೂ ಬಿಟ್ಟರು. ಈ ನಡುವೆ ರೈಲು ಮಾರ್ಗಗಳ ಕಾಮಗಾರಿಯಿಂದ ಪ್ರಾಂತ್ಯದ ಸಾಲ 80 ಲಕ್ಷ ದಾಟಿತ್ತು, ಬಡ್ಡಿ ಅನುದಾನದಿಂದಲೇ ಕಡಿತವಾಗುವ ಸ್ಥಿತಿ. ನ್ಯೂ ಬ್ರನ್ಸ್‌ವಿಕ್‌ನ ತಲಾ ಪ್ರಮಾಣಕ್ಕೆ ಏರಿಸಿದ ಹೊಸ ಮಿತಿ ಸುಮಾರು 91.9 ಲಕ್ಷ ಡಾಲರ್. ಹೆಚ್ಚಿದ 11.9 ಲಕ್ಷಕ್ಕೆ ಶೇ 5ರಂತೆ ವರ್ಷಕ್ಕೆ ಸುಮಾರು 59 ಸಾವಿರ ಡಾಲರ್ ಉಳಿತಾಯ. ಇದಕ್ಕೆ ಹತ್ತು ವರ್ಷಗಳ ಗಡುವು ಇಲ್ಲ.

ಎರಡೂ ಸೇರಿ ವರ್ಷಕ್ಕೆ ಸುಮಾರು 1.42 ಲಕ್ಷ ಡಾಲರ್, ತಲೆಗೆ 43 ಸೆಂಟ್. ಸುಂಕದ ದರ ಬದಲಾಗಲಿಲ್ಲ, ಸಂಸತ್ತಿನ ಸ್ಥಾನ ಹೆಚ್ಚಲಿಲ್ಲ, ಜನರನ್ನು ಕೇಳಬೇಕಿತ್ತು ಎಂಬ ಮಾತನ್ನು ಯಾರೂ ಒಪ್ಪಿಕೊಳ್ಳಲಿಲ್ಲ. ಒಟ್ಟಾವಾ ಸಂಸತ್ತು ಇದನ್ನು 1869ರ ಜೂನ್‌ನಲ್ಲಿ ಕಾಯ್ದೆ ಮಾಡುವಾಗ, ನೋವಾ ಸ್ಕೋಷಿಯಾದ ಎಲ್ಲ ಬೇಡಿಕೆಗಳಿಗೂ ಇದೇ ಪೂರ್ಣ ಇತ್ಯರ್ಥ ಎಂದು ಸೇರಿಸಿತು.

ಒಬ್ಬನೇ ಹೋದದ್ದರ ಬೆಲೆ

ಲೆಕ್ಕ ಸರಿಯಾಗಿತ್ತು, ನಡೆದುಕೊಂಡ ಕ್ರಮದಲ್ಲಿ ಕೊರತೆ ಇತ್ತು. ಅನ್ನಾಂಡ್ ಸರ್ಕಾರವನ್ನು ಹೌ ಜೊತೆಗೆ ಕರೆದೊಯ್ಯಲಿಲ್ಲ. ಪ್ರಾಂತ್ಯದ ಪರವಾಗಿ ಮಾತಾಡುವ ಅಧಿಕಾರ ಕಾನೂನಿನ ಪ್ರಕಾರ ಆ ಸರ್ಕಾರಕ್ಕಿತ್ತು, ಒಬ್ಬ ಸಂಸದನಿಗಲ್ಲ. ಜನರನ್ನು ಕೇಳದೆ ಟಪ್ಪರ್ ಒಪ್ಪಂದ ಮಾಡಿದ ಎಂದು ದೂರಿದವನು ಈಗ ತಾನೇ ಹಾಗೆ ಮಾಡಿದ ಎಂದು 'ಮಾರ್ನಿಂಗ್ ಕ್ರಾನಿಕಲ್' ಅವನ ಮೇಲೆ ಬಿತ್ತು. ಅನ್ನಾಂಡ್ ಜೊತೆಗಿನ ಬಹುಕಾಲದ ಗೆಳೆತನ ಅಲ್ಲಿಗೆ ಮುರಿಯಿತು.

ಮಂತ್ರಿ ಪದವಿ ತೆಗೆದುಕೊಂಡದ್ದಕ್ಕೆ ಒಂದು ಕಾರಣವಿತ್ತು. ಒಪ್ಪಂದವನ್ನು ಸಂಸತ್ತಿನಲ್ಲಿ ಪಾಸು ಮಾಡಿಸಬೇಕಾದರೆ ವಿರೋಧಿಗಳ ನಾಯಕನೇ ಒಳಗೆ ಬಂದು ಜಾಮೀನು ನಿಲ್ಲಬೇಕು ಎಂದು ಮ್ಯಾಕ್ಡೊನಾಲ್ಡ್ ಪಟ್ಟು ಹಿಡಿದ. ಆದರೆ ಕಾಯ್ದೆ ಆಗುವ ಐದು ತಿಂಗಳ ಮೊದಲೇ ಪ್ರಮಾಣವಚನ ತೆಗೆದುಕೊಂಡದ್ದರಿಂದ ಜನರ ಕಣ್ಣಿಗೆ ಮೊದಲು ಕಂಡದ್ದು ಪದವಿ, ಆಮೇಲೆ ಕಂಡದ್ದು ಹಣ. ಕ್ರಮ ತಿರುಗಿಸಿದ್ದಿದ್ದರೆ ಅವನ ಮೇಲಿನ ಆರೋಪದ ಹರಿತ ಬಹಳ ತಗ್ಗುತ್ತಿತ್ತು.

ಆ ಕಾಲದ ನಿಯಮದಂತೆ, ಮಂತ್ರಿಯಾದ ಸಂಸದ ಮತ್ತೆ ತನ್ನ ಕ್ಷೇತ್ರದಲ್ಲಿ ಗೆದ್ದು ಬರಬೇಕು. ಹ್ಯಾಂಟ್ಸ್ ಕ್ಷೇತ್ರದ ಉಪಚುನಾವಣೆ ಚಳಿಗಾಲದಲ್ಲಿ ಬಂತು. 64 ವರ್ಷದ ಹೌ ಕೊರೆಯುವ ಚಳಿಯಲ್ಲಿ ಊರೂರು ಸುತ್ತಿ, ಹಳೆಯ ಬೆಂಬಲಿಗರೇ ಕೂಗಿ ಅಡ್ಡಿಪಡಿಸುತ್ತಿದ್ದ ಸಭೆಗಳಲ್ಲಿ ಮಾತಾಡಿದ. ಏಪ್ರಿಲ್‌ನಲ್ಲಿ ಗೆದ್ದ. ಆರೋಗ್ಯ ಮಾತ್ರ ಆಗ ಕೆಟ್ಟದ್ದು ಮತ್ತೆ ಸುಧಾರಿಸಲಿಲ್ಲ.

ಒಂಟಾರಿಯೊದಲ್ಲಿ ಬೇರೆಯದೇ ತಕರಾರು ಎದ್ದಿತು. ಬ್ರಿಟಿಷ್ ಕಾಯ್ದೆಯಲ್ಲಿ ಬರೆದ ಹಣದ ಷರತ್ತನ್ನು ಒಟ್ಟಾವಾ ಬದಲಿಸಬಹುದೇ ಎಂದು ಅಲ್ಲಿನ ಶಾಸಕ ಎಡ್ವರ್ಡ್ ಬ್ಲೇಕ್ ಪ್ರಶ್ನಿಸಿದ. ಲಂಡನ್‌ನ ಕಾನೂನು ಅಧಿಕಾರಿಗಳು ಬದಲಿಸಬಹುದು ಎಂದರು: ಒಟ್ಟಾವಾ ತನ್ನ ಹಣವನ್ನು ಪ್ರಾಂತ್ಯಕ್ಕೆ ಕೊಡುವುದಕ್ಕೆ ತಡೆ ಇಲ್ಲ. ಈ ಒಂದು ಅಭಿಪ್ರಾಯದಿಂದ ಕೆನಡಾದ ಪ್ರಾಂತ್ಯಗಳಿಗೆ ಮುಂದೆಯೂ ಅನುದಾನದ ಚೌಕಾಸಿಗೆ ದಾರಿ ತೆರೆದುಕೊಂಡಿತು. ಪೂರ್ಣ ಇತ್ಯರ್ಥ ಎಂಬ ಮಾತೂ ಬಾಳಲಿಲ್ಲ. ಹತ್ತು ವರ್ಷದ ಅನುದಾನ 1870ರ ದಶಕದ ಕೊನೆಯಲ್ಲಿ ನಿಂತಾಗ ಪ್ರಾಂತ್ಯದ ಬೊಕ್ಕಸದಲ್ಲಿ ಮತ್ತೆ ತೂತು ಕಂಡಿತು. 1886ರಲ್ಲಿ ಪ್ರಾಂತ್ಯದ ಪ್ರಧಾನಿ ಡಬ್ಲ್ಯು. ಎಸ್. ಫೀಲ್ಡಿಂಗ್ ಒಕ್ಕೂಟದಿಂದ ಹೊರಬರುವ ನಿರ್ಣಯವನ್ನು ಶಾಸನಸಭೆಯಲ್ಲಿ ಪಾಸು ಮಾಡಿಸಿ, ಅದೇ ವಿಷಯದ ಮೇಲೆ ಪ್ರಾಂತ್ಯದ ಚುನಾವಣೆಯನ್ನೂ ಗೆದ್ದ. ಕಾಯ್ದೆಯಲ್ಲಿ ಹೊರಹೋಗುವ ಕಲಮು ಆಗಲೂ ಇರಲಿಲ್ಲ. ಆ ಗೆಲುವಿನಿಂದಲೂ ಪ್ರಾಂತ್ಯ ಕದಲಲಿಲ್ಲ.

ಹೌ ನಾಲ್ಕು ವರ್ಷ ಮಂತ್ರಿಯಾಗಿದ್ದ. 1873ರ ಮೇ ತಿಂಗಳಲ್ಲಿ ಅವನನ್ನು ನೋವಾ ಸ್ಕೋಷಿಯಾದ ಲೆಫ್ಟಿನೆಂಟ್ ಗವರ್ನರ್ ಮಾಡಿದರು. ಫಾಕ್ಲೆಂಡ್ ಕುಳಿತಿದ್ದ ಅದೇ ಸರ್ಕಾರಿ ಭವನಕ್ಕೆ ಮುದ್ರಕನ ಮಗ ಹೋದ. ಮೂರು ವಾರ ಕಳೆಯುವಷ್ಟರಲ್ಲಿ, ಜೂನ್ 1ರಂದು, ಅಲ್ಲಿಯೇ ತೀರಿಕೊಂಡ. ಹ್ಯಾಲಿಫ್ಯಾಕ್ಸ್‌ನ ಕ್ಯಾಂಪ್ ಹಿಲ್ ಸ್ಮಶಾನದಲ್ಲಿ ಅವನ ಸಮಾಧಿ ಇದೆ.